ರೆಕಾರ್ಡಿಂಗ್‌ಗೆ ಮೊದಲು ಗ್ರಾಮಸಭೆ ಸೇರಲಿ

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗ, ಡಿಗ್ರಿ ಮುಗಿಸಿದ್ದೇನೆ. ಹೊರಗಿನ ಒಂದು ಸಂಸ್ಥೆಯವರು ನಮ್ಮ ಪೋಡಿಗೆ, ಅಂದರೆ ನಮ್ಮ ಊರಿಗೆ, ಬಂದಿದ್ದರು. ಹಿರಿಯರ ಮಾತು, ಕುಣಿತದ ಗೊರುಕನ ಹಾಡು, ಔಷಧಿ ಗಿಡಗಳ ವಿವರ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಎಐಗೆ ಕಲಿಸುತ್ತಾರಂತೆ. ಗಂಟೆ ಲೆಕ್ಕದಲ್ಲಿ ದುಡ್ಡು. ಒಬ್ಬೊಬ್ಬರೂ ಇಂಗ್ಲಿಷ್ ಫಾರಂಗೆ ಸಹಿ ಹಾಕಬೇಕು. ನಮ್ಮಜ್ಜಿ ಹೆಬ್ಬೆಟ್ಟು ಒತ್ತಲು ತಯಾರಾಗಿದ್ದಾರೆ. ಒಪ್ಪಬಹುದೇ?

ಉತ್ತರ: ಈಗಲೇ ಹೆಬ್ಬೆಟ್ಟು ಬೇಡ. ಬಂದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವರು ಕೇಳುತ್ತಿರುವುದರಲ್ಲಿ ಅಜ್ಜಿಯ ದನಿ ಮಾತ್ರ ಅಜ್ಜಿಯದು. ಹಾಡು, ಸೊಪ್ಪು-ಬೇರುಗಳ ತಿಳಿವಳಿಕೆ ಇಡೀ ಸಮುದಾಯದ್ದು. ಅದನ್ನು ಕೊಡುವ ಬಿಡುವ ಮಾತು ನಾಲ್ಕು ಜನ ಕೂತು ಆಡಬೇಕಾದದ್ದು.

ಒಬ್ಬೊಬ್ಬರ ಸಹಿ ಪಡೆದು ಸಮುದಾಯದ ಸೊತ್ತನ್ನು ಒಯ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಹವಾಸುಪೈ ಬುಡಕಟ್ಟಿನ ಕಥೆ ನೋಡಿ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. ಕಾರಣ ಹುಡುಕುತ್ತೇವೆಂದು 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ರಕ್ತದ ಮಾದರಿ ಪಡೆದರು. ಆಮೇಲೆ ಅದೇ ರಕ್ತವನ್ನು ಸ್ಕಿಜೋಫ್ರೀನಿಯಾ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ ಕುರಿತ ಅಧ್ಯಯನಗಳಿಗೂ ಬಳಸಿದರು. ತಾವು ಹುಟ್ಟಿದ್ದು ಆ ಕಣಿವೆಯಲ್ಲೇ ಎಂದು ನಂಬಿದ ಜನಕ್ಕೆ, ನಿಮ್ಮವರು ಬೇರೆ ಖಂಡದಿಂದ ಬಂದವರು ಎಂಬ ಪ್ರಬಂಧವನ್ನು ಅವರದೇ ರಕ್ತದಿಂದ ಬರೆದಂತಾಯಿತು. ಬುಡಕಟ್ಟಿನವರು ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ, ವಿಶ್ವವಿದ್ಯಾಲಯ 41 ಜನರಿಗೆ 7 ಲಕ್ಷ ಡಾಲರ್ ಕೊಟ್ಟು ಉಳಿದ ಮಾದರಿಗಳನ್ನು ವಾಪಸ್ ಮಾಡಿತು. ರಕ್ತವಾದ್ದರಿಂದ ವಾಪಸ್ ಬಂತು. ಒಂದು ದನಿ ಎಐ ಮಾದರಿಯ ತರಬೇತಿಗೆ ಸೇರಿಬಿಟ್ಟರೆ, ಅದನ್ನಷ್ಟೇ ಬೇರ್ಪಡಿಸಿ ಹೊರತೆಗೆಯುವ ನಂಬಲರ್ಹ ದಾರಿ ಇವತ್ತಿಗೂ ಇಲ್ಲ. ಹಾಗಾಗಿ ಷರತ್ತುಗಳೆಲ್ಲ ಮೈಕ್ ಆನ್ ಆಗುವ ಮೊದಲೇ ಬರಹದಲ್ಲಿ ಇರಬೇಕು.

ಕಾನೂನು ಎಷ್ಟು ಕೈಹಿಡಿಯುತ್ತದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡುವುದು ವ್ಯಕ್ತಿಯ ಒಪ್ಪಿಗೆಯನ್ನು. ಸಮುದಾಯಕ್ಕೆ ಅದರಲ್ಲಿ ಜಾಗವೇ ಇಲ್ಲ. ದತ್ತಾಂಶ ಯಾಕೆ ಬೇಕು ಎಂದು ತಿಳಿಸುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕೆಂದು ಆ ಕಾಯ್ದೆ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಸೋಲಿಗರ ನುಡಿ, ತುಳು, ಕೊಡವ ಇಲ್ಲ. ಯಾರ ನುಡಿ ಬೇಕೆಂದು ಬಂದಿದ್ದಾರೋ ಅವರ ನುಡಿಯಲ್ಲಿ ವಿವರಿಸುವ ಹೊಣೆ ಇಲ್ಲದಿರುವುದು ನನಗೆ ಬಹಳ ಬೇಸರದ ಸಂಗತಿ. ಓದು ಬಾರದವರಿಗೆ ಬಾಯಲ್ಲಿ ವಿವರಿಸಲಿ, ಆ ವಿವರಣೆಯನ್ನೂ ನೀವು ರೆಕಾರ್ಡ್ ಮಾಡಿಟ್ಟುಕೊಳ್ಳಿ.

ನಿಮಗೆ ನಿಜವಾಗಿ ಬಲ ಕೊಡುವುದು ಇನ್ನೊಂದು ಕಾಯ್ದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಕೆ), ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಒಪ್ಪಿದೆ. 2011ರಲ್ಲಿ ನಿಮ್ಮ ಬೆಟ್ಟದ ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕುಪತ್ರ ಪಡೆದದ್ದು ಇದೇ ಕಾಯ್ದೆಯಡಿ. ಜೇನು, ನೆಲ್ಲಿಕಾಯಿಗೆ ಕೂತು ನಿರ್ಣಯ ಬರೆದ ಸಭೆ ಹಾಡಿಗೂ ಬರೆಯಬಹುದು.

ನಿರ್ಣಯದಲ್ಲಿ ಏನಿರಬೇಕು? ಮೂಲ ಫೈಲುಗಳು ನಿಮ್ಮ ಸಂಘದ ಹಾರ್ಡ್‌ಡಿಸ್ಕಿನಲ್ಲಿ ಇರಲಿ, ಅವರಿಗೆ ಪ್ರತಿ ಮಾತ್ರ ಹೋಗಲಿ. ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ ಎಂದು ಹೆಸರಿಸಿ. ಬೇರೆ ಕೆಲಸಕ್ಕೆ ಬೇಕಾದರೆ, ಮೂರನೆಯವರಿಗೆ ದಾಟಿಸುವುದಾದರೆ, ಮತ್ತೆ ಸಭೆಯ ಮುಂದೆ ಬರಲಿ. ಔಷಧಿ ಗಿಡ, ಜೇನುಬಂಡೆ, ದೇವರ ಜಾಗಗಳ ವಿಚಾರವನ್ನು ಈ ಒಪ್ಪಂದದಿಂದ ಪೂರ್ತಿ ಹೊರಗಿಡಿ ಎಂಬುದು ನನ್ನ ಖಚಿತ ಸಲಹೆ. ಯಾವ ಹಾಡು ಹೊರಗೆ ಹೋಗಬಹುದು, ಯಾವುದು ಬೇಡ ಎಂಬುದನ್ನು ಯಜಮಾನರು, ಪೂಜೆ ಮಾಡುವ ತಮ್ಮಡಿಗಳು, ಹಾಡುವ ಹೆಂಗಸರು ಹೇಳಲಿ.

ಇಷ್ಟೆಲ್ಲ ಕೇಳಿದರೆ ಕೆಲಸವೇ ನಿಂತುಹೋಗುತ್ತದೆ ಅನ್ನುವವರು ಬರುತ್ತಾರೆ. ನ್ಯೂಜಿಲೆಂಡಿನ ಉತ್ತರ ತುದಿಯ ಕೈತಾಯಾ ಊರಿನ ಮೂಲನಿವಾಸಿ ಮಾವೊರಿ ಜನರ ರೇಡಿಯೊ ಸಂಸ್ಥೆ ತೆ ಹಿಕು ಮೀಡಿಯಾದ ಕಥೆಯೇ ಅಂಥವರಿಗೆ ಉತ್ತರ. 2018ರಲ್ಲಿ ಅದು ತನ್ನ ಜನರನ್ನೇ ಕೇಳಿತು. ಸುಮಾರು 2,500 ಜನ ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಹತ್ತೇ ದಿನದಲ್ಲಿ 300 ಗಂಟೆಗೂ ಹೆಚ್ಚು ದನಿ ಕೂಡಿಸಿಕೊಟ್ಟರು. ಅದರಿಂದ ಅವರೇ ಮಾತನ್ನು ಬರಹಕ್ಕಿಳಿಸುವ ವ್ಯವಸ್ಥೆ ಕಟ್ಟಿದರು. ಹೊರಗಿನ ಕಂಪನಿಯೊಂದು ಗಂಟೆ ಲೆಕ್ಕದಲ್ಲಿ ಬೆಲೆ ಕಟ್ಟಿ ಕೇಳಿದಾಗ ಕೊಡಲಿಲ್ಲ. ಬಳಸಬೇಕೆನ್ನುವವರಿಗೆ ತಮ್ಮದೇ ಪರವಾನಗಿ ಬರೆದರು. ಮಾವೊರಿ ಜನಕ್ಕೆ ಒಳಿತಾಗಬೇಕು ಎಂಬುದು ಅದರ ಮುಖ್ಯ ಷರತ್ತು. ಜನ ಅಷ್ಟು ಬೇಗ ದನಿ ಕೊಟ್ಟದ್ದು ಕೇಳಿದವರು ತಮ್ಮವರೇ ಆಗಿದ್ದರಿಂದ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಮಂಗಳೂರಿನವಳು, ದುಬೈಯಲ್ಲಿ ಸಾಫ್ಟ್‌ವೇರ್ ಕೆಲಸ. ಬಾಗಿಲು ಹಾಕಿಕೊಂಡು ಕೂತರೆ ತುಳು ಎಐಯಿಂದ ಹೊರಗೇ ಉಳಿಯುವುದಿಲ್ಲವೇ? ಎಲ್ಲವನ್ನೂ ಮುಕ್ತವಾಗಿ ಕೊಟ್ಟುಬಿಡುವುದು ಮೇಲಲ್ಲವೇ?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು, ಆದರೆ ತುಳುವಿನ ಸ್ಥಿತಿ ಸೋಲಿಗರ ನುಡಿಯಂತಲ್ಲ. 2011ರ ಜನಗಣತಿಯಲ್ಲೇ ತುಳು ಆಡುವವರು 18 ಲಕ್ಷ ದಾಟಿದ್ದರು. 2016ರಿಂದ ತುಳು ವಿಕಿಪೀಡಿಯ ಇದೆ, 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೂ ತುಳು ಬಂತು. ಸಂತೆ, ಬಸ್ಸು, ಆಸ್ಪತ್ರೆಯ ದಿನಬಳಕೆಯ ಮಾತನ್ನು ಧಾರಾಳವಾಗಿ ಕೊಡಿ. ಅದರಿಂದ ಇಂಗ್ಲಿಷ್ ಬಾರದ ಅಜ್ಜ ಫೋನಿನೊಡನೆ ತುಳುವಿನಲ್ಲೇ ಮಾತಾಡುವ ದಿನ ಬರಬಹುದು. ನಾಟಿ ಗದ್ದೆಯಲ್ಲಿ ಎಲ್ಲರೆದುರು ಹಾಡುವ ಪಾಡ್ದನವನ್ನು, ಅಂದರೆ ತುಳುವಿನ ಕಥನ ಹಾಡನ್ನು, ಹಾಡುವವರ ಹೆಸರು ಸೇರಿಸಿ, ಅವರನ್ನು ಕೇಳಿ ಕೊಡಬಹುದು. ಕೋಲದಲ್ಲಿ ದೈವ ಕೊಡುವ ನುಡಿ ಮಾತ್ರ ಬೇರೆ. ಎಐ ಅದನ್ನು ಅನುಕರಿಸಿ ಯಾರದೋ ಜಾಹೀರಾತಿಗೆ ಆಡಿಸಬಲ್ಲದು. ಆ ಮಾತನ್ನು ದೈವ ಕಟ್ಟುವ ಸಮುದಾಯಗಳೇ ತೀರ್ಮಾನಿಸಬೇಕು. ದುಬೈಯಲ್ಲಿ ಕೂತ ನೀವೂ ಇಲ್ಲಿ ಕೂತ ನಾನೂ ಅವರ ಪರವಾಗಿ ಹೂಂ ಅನ್ನುವಂತಿಲ್ಲ.

ಪ್ರಶ್ನೆ: ನಮ್ಮಜ್ಜಿಯ ಹಾಡನ್ನು ನಾನೇ ಯೂಟ್ಯೂಬಿಗೆ ಹಾಕಿದ್ದೆ. ಈಗ ಏನು ಮಾಡಲಿ? (ಮಡಿಕೇರಿಯಿಂದ)

ಉತ್ತರ: ನಾವೇ ಸಾರ್ವಜನಿಕವಾಗಿ ಹಾಕಿದ ನಮ್ಮ ಮಾಹಿತಿಗೆ 2023ರ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ದನಿ ಅಜ್ಜಿಯದು, ಹಾಕಿದ್ದು ನೀವು. ಅಜ್ಜಿಯನ್ನೇ ಕೇಳಿ. ಬೇಡವೆಂದರೆ ಇವತ್ತೇ ಪ್ರೈವೇಟ್ ಮಾಡಿ. ಈಗಾಗಲೇ ಯಾರಾದರೂ ಇಳಿಸಿಕೊಂಡಿದ್ದರೆ ಅದನ್ನು ತಡೆಯಲಾಗದು, ಇನ್ನು ಮುಂದಿನದನ್ನು ತಡೆಯಬಹುದು. ಮೂಲ ವಿಡಿಯೊದ ಜೊತೆ ಹಾಡಿದವರು, ಊರು, ಸಂದರ್ಭ ಬರೆದು ಎರಡು ಕಡೆ ಕಾಪಿ ಇಟ್ಟುಕೊಳ್ಳಿ.