ಸೀಸಕ್ಕೆ ಕೂದಲಲ್ಲ, ರಕ್ತ ಕೊಡಿ
ಕುರ್ಲಾದಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ಡಿನ ಪಕ್ಕದಲ್ಲೇ ಮನೆ, ಮೂರು ವರ್ಷದ ಮಗಳ ಮೈಗೆ ಸೀಸ ಸೇರಿದೆಯೇ ಎಂದು ತಿಳಿಯಲು ಅವಳ ಕೂದಲು ಪರೀಕ್ಷೆಗೆ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಹೊರಗಿನ ದೂಳಿನ ಸೀಸವೂ ಕೂದಲಿಗೆ ಅಂಟುತ್ತದೆ. ಎಷ್ಟು ತೊಳೆದರೂ ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ನಂಬಿಕೆಯಿಂದ ಹೇಳಲಾಗದು. ಕೂದಲು ಕೆಲಸಕ್ಕೆ ಬರುವುದು ಮೀನಿನಿಂದ ಬರುವ ಮೀಥೈಲ್ ಪಾದರಸಕ್ಕೆ.

ರಕ್ತವನ್ನೇ ಕೊಡಿ. ಬೆರಳು ಚುಚ್ಚಿದರೆ ಚರ್ಮದ ದೂಳು ಸೇರಿ ಅಂಕಿ ಸುಮ್ಮನೆ ಏರಬಹುದು. ತೋಳಿನ ರಕ್ತನಾಳದಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲೋಹಮುಕ್ತ ಇಡಿಟಿಎ ಟ್ಯೂಬಿಗೆ ತೆಗೆಯಲಿ. ಸೀರಂ (ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿ) ಬೇಡ, ಇಡೀ ರಕ್ತವೇ ಬೇಕು: ಸೀಸದ ಬಹುಪಾಲು ಇರುವುದು ಕೆಂಪು ಕಣಗಳಲ್ಲಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಕಡಿಮೆಯಾದರೆ ನಿಶ್ಚಿಂತೆ ಎಂದಲ್ಲ, ಸೀಸಕ್ಕೆ ಸುರಕ್ಷಿತ ಮಟ್ಟವೇ ಇಲ್ಲ. ವರದಿಗೆ ಕಾಯದೆ ಇವತ್ತಿನಿಂದಲೇ ಪೊರಕೆ ಬಿಟ್ಟು ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.