ಪಾರ್ಕನ್ನ ನಮ್ಮ ಅಸೋಸಿಯೇಷನ್ ವಹಿಸ್ಕೊಳ್ಳೋದಾ, ಸರ್ಕಾರಕ್ಕೇ ಬಿಡೋದಾ?

ಸರ್ಕಾರದೋರು ತಿರುಗಿಯೂ ನೋಡಲ್ಲ, ನಾವೇ ವಹಿಸ್ಕೊಂಡುಬಿಡೋಣ್ವಾ ಅಂತ ಕೇಳಿದೀರಲ್ಲ, ನಾವೂ ಥೇಟ್ ಹೀಗೇ ಶುರು ಮಾಡಿದ್ದು. ಮೊದಲು ಬರೀ ಕಸ ಎತ್ತೋದು, ಆಮೇಲೆ ಹುಲ್ಲು ಕತ್ತರಿಸೋದು, ಆಮೇಲೆ ಮನೆಮನೆ ಚಂದಾ ಎತ್ತಿ ಸಸಿ ತಂದು ನೆಡೋದು, ಮಳೆಗಾಲ ಮುಗಿಯೋಷ್ಟರಲ್ಲಿ ಪಾರ್ಕ್ ಗುರುತೇ ಸಿಗದಂಗಾಗಿತ್ತು. ಇಲಾಖೆ ಸಾಹೇಬ್ರು ಬಂದು ಫೋಟೋ ತೆಗೆಸ್ಕೊಂಡು, "ನಿರ್ವಹಣೆ ನೀವೇ ಮಾಡ್ತಿದೀರ ಅಂತ ಒಂದು ಲೆಟರ್ ಕೊಟ್ಬಿಡಿ, ಫೈಲಿಗೆ ಬೇಕು" ಅಂದ್ರು.

ಕಾರ್ಯದರ್ಶಿ ನಾನೇ. ಹುಮ್ಮಸ್ಸಲ್ಲಿ ಪಾರ್ಕಿನ ಪೂರ್ತಿ ನಿರ್ವಹಣೆ ನಮ್ಮ ಸಂಘದ್ದೇ ಅಂತ ಬರೆದು ಸೈನ್ ಹಾಕಿ ಕೊಟ್ಟೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಬೀಳೋದು ಇಲ್ಲೇ. ಫೈಲಲ್ಲಿ ಆ ಕಾಗದ ಕೂತಮೇಲೆ ಮುಂದಿನ ವರ್ಷದ ಎಸ್ಟಿಮೇಟ್ ಮಾಡೋರು ಏನ್ ಮಾಡ್ತಾರೆ? ಈ ಪಾರ್ಕಿಗೆ ದುಡ್ಡು ಬೇಡ ಅಂತ ಕೈಬಿಡ್ತಾರೆ. ಮೇಂಟೆನೆನ್ಸ್ ಟೆಂಡರ್ ಪಟ್ಟಿಯಿಂದ ಹೋಯ್ತು. ಇದ್ದ ಒಬ್ಬ ಮಾಲಿನ ಬೇರೆ ಪಾರ್ಕಿಗೆ ಹಾಕಿದ್ರು, ನಮಗೆ ಗೊತ್ತಾಗಿದ್ದೂ ತಡವಾಗಿ. ಒಂದು ಸಲ ಬಜೆಟ್ಟಿಂದ ಹೊರಗೆ ಬಿದ್ದದ್ದನ್ನ ವಾಪಸ್ ಸೇರಿಸೋದು ಅಂದ್ರೆ ಹೊಸ ಪ್ರಸ್ತಾವನೆ, ಹೊಸ ಮಂಜೂರಾತಿ, ಇಲ್ದಿರೋ ಪಾರ್ಕನ್ನ ಹೊಸದಾಗಿ ಕೇಳಿದಂಗೇ. ಬೇಸಿಗೇಲಿ ಪಂಪ್ ಸುಟ್ಟೋಯ್ತು, ಆಮೇಲೆ ಕಾಂಪೌಂಡ್ ಗೋಡೆ ವಾಲ್ತು, ಅಷ್ಟೊತ್ತಿಗೆ ಚಂದಾ ಕೊಡೋರ ಉತ್ಸಾಹಾನೂ ಇಳಿದಿತ್ತು. ಆಫೀಸಿಗೆ ಹೋದ್ರೆ ನನ್ನ ಸೈನ್ ಇರೋ ಲೆಟರನ್ನೇ ನನಗೆ ತೋರಿಸಿದ್ರು. ಬೈಯೋಕೂ ಆಗಲ್ಲ, ಅವರ ಹತ್ರ ದುಡ್ಡೂ ಕಮ್ಮಿ ಜನಾನೂ ಕಮ್ಮಿ, ಒಂದು ಪಾರ್ಕ್ ಕಮ್ಮಿಯಾದ್ರೆ ಯಾರು ಬೇಡ ಅಂತಾರೆ.

ಇಂಥ ಚರ್ಚೇಲಿ ಯಾರಾದ್ರೂ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಉದಾಹರಣೆ ತಂದೇ ತರ್ತಾರೆ. 1970ರ ದಶಕದಲ್ಲಿ ಆ ಊರಿನ ಆಡಳಿತ ದಿವಾಳಿ ಅಂಚಿಗೆ ಹೋಗಿ ಪಾರ್ಕ್ ಹಾಳುಬಿದ್ದಿತ್ತು, 1980ರಲ್ಲಿ ಕನ್ಸರ್ವೆನ್ಸಿ ಅಂತ ಒಂದು ಖಾಸಗಿ ಸಂಸ್ಥೆ ಹುಟ್ಕೊಂಡು ಎತ್ತಿ ನಿಲ್ಲಿಸ್ತು, ಎಲ್ಲಾ ನಿಜ. ಆದ್ರೆ ಜಾಗ ಇವತ್ತಿಗೂ ನಗರಾಡಳಿತದ್ದೇ, ನಿಯಮ ಮಾಡೋದೂ ಅವರೇ, ಯಾರು ಏನು ಮಾಡಬೇಕು ಅನ್ನೋದಕ್ಕೆ 1998ರಲ್ಲಿ ಸರಿಯಾಗಿ ಒಪ್ಪಂದಾನೂ ಆಯ್ತು. ಮೇಲಾಗಿ ಆ ಪಾರ್ಕ್ ಸುತ್ತ ಇರೋರು ಎಂಥ ಶ್ರೀಮಂತರು! ನಿಮ್ಮ ಪಾರ್ಕ್ ಪಕ್ಕ ಅಂಥೋರು ಎಷ್ಟು ಜನ ಇದಾರೆ? ಬಡವರು ಜಾಸ್ತಿ ಇರೋ ಕಡೆ ಪಾರ್ಕನ್ನ ಚಂದಾ ನಂಬ್ಕೊಂಡು ಬಿಟ್ರೆ ಒಣಗೋದು ಅದೇ ಮೊದಲು.

ಅದಕ್ಕೇ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ವಹಿಸ್ಕೊಳ್ಳೋದಾ ಬಿಡೋದಾ ಅಂತ ಎರಡೇ ದಾರಿ ಇಲ್ಲ. ಪಂಪು, ಗೋಡೆ, ಲೈಟು, ದೊಡ್ಡ ಮರ, ಯಾರಿಗಾದ್ರೂ ಪೆಟ್ಟಾದ್ರೆ ಜವಾಬ್ದಾರಿ, ಇವು ಸರ್ಕಾರದ್ದೇ ಆಗಿರಬೇಕು, ಮಾಲಿ ಸಂಬಳಾನೂ. ನೀವು ಗಿಡ ನೆಡಿ, ಕಸ ಎತ್ತಿ, ಕೆಲಸ ಆಗ್ತಿದ್ಯಾ ಅಂತ ಮೇಲೆ ಬಿದ್ದು ಕೇಳಿ. ಆಮೇಲೆ ಗೇಟಿನ ಕೀ ಇಸ್ಕೋಬೇಡಿ ದಯವಿಟ್ಟು! ಕೀ ಕೈಗೆ ಬಂದಮೇಲೆ ನಮ್ಮವರೇ ಹೆಂಗಾದ್ರು ಅಂದ್ರೆ, ಮಕ್ಕಳು ಬಾಲ್ ಆಡಂಗಿಲ್ಲ, ಮಧ್ಯಾಹ್ನ ಯಾರೂ ಬೆಂಚ್ ಮೇಲೆ ಮಲಗಂಗಿಲ್ಲ, ಪಕ್ಕದ ಬೀದಿಯೋರು ಬಂದ್ರೆ "ನೀವ್ಯಾರು" ಅಂತ ಕೇಳೋದು. ಸಾರ್ವಜನಿಕ ಜಾಗಕ್ಕೆ ಚಂದಾ ಕೊಟ್ಟೋರೇ ಯಜಮಾನ್ರು ಅಂತೆ.

ಲೆಟರ್ ಕೊಡಲೇಬೇಕು ಅಂದ್ರೆ ನೀವು ಮಾಡೋ ಕೆಲಸ ಯಾವ್ಯಾವ್ದು ಅಂತ ಹೆಸರು ಹಿಡಿದು ಬರೀರಿ, ಒಂದು ವರ್ಷಕ್ಕೆ ಮಾತ್ರ ಅಂತ ಹಾಕಿ, ಉಳಿದದ್ದೆಲ್ಲಾ ಇಲಾಖೇದೇ ಅನ್ನೋ ಸಾಲು ಬಿಡ್ಬೇಡಿ. ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಕಾಪಿ ಇಟ್ಕೊಳ್ಳಿ.