ಗೆದ್ದವನು ಬೇಲಿ ಹಾರಿದ್ದು ಯಾಕೆ?

ತಾಲೀಮು ಕಟ್ಟೆ: ಓದುಗರ ಪ್ರಶ್ನೆಗಳಿಗೆ ಮುಧೋಳ ಕಡೆಯ ಹಳೇ ಪೈಲ್ವಾನರೊಬ್ಬರ ಉತ್ತರ

ಪ್ರಶ್ನೆ: ಪೈಲ್ವಾನ್ ಅಣ್ಣಾವ್ರೇ, ನನ್ನ ಮಗನಿಗೆ ಹದಿನಾಲ್ಕು ವರ್ಷ. ಎರಡು ವರ್ಷದಿಂದ ಕುಸ್ತಿ ತಾಲೀಮಿಗೆ ಹೋಗುತ್ತಿದ್ದಾನೆ. ಈಗ ಮೊಬೈಲ್‌ನಲ್ಲಿ ಖಬೀಬ್, ಮೆಕ್‌ಗ್ರೆಗರ್ ಅವರ ಹಳೇ ಫೈಟ್ ನೋಡಿ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಾನೂ ನೋಡಿದೆ. ಗೆದ್ದವನೇ ಕಣದ ಸುತ್ತಲಿನ ಬೇಲಿ ಹಾರಿ ಹೊರಗಿನವರನ್ನು ಹೊಡೆಯಲು ಹೋಗುತ್ತಾನಲ್ಲ! ಗೆದ್ದ ಮೇಲೂ ಅಷ್ಟು ಸಿಟ್ಟು ಯಾಕೆ? ಇಂಥದ್ದಕ್ಕೆ ಮಗನನ್ನು ಕಳಿಸಬಹುದಾ?
– ಒಬ್ಬ ತಾಯಿ, ಗೋಕಾಕ

ಉತ್ತರ: ತಂಗೀ, ಆ ಫೈಟನ್ನು ನಾನು ಲೈವ್ ನೋಡಿದವನು. 2018ರ ಅಕ್ಟೋಬರ್ 6. ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಗ್ಗೆ. ತಾಲೀಮಿನ ಹುಡುಗರೆಲ್ಲ ನಮ್ಮ ಮನೆ ಟಿವಿ ಮುಂದೆ ಕೂತಿದ್ದರು. ಮನೆಯಾಕೆ ಒಂದು ಬೋಗುಣಿ ಸುಸಲಾ ಮಾಡಿಟ್ಟಿದ್ದಳು. ನಾಲ್ಕನೇ ರೌಂಡಿನಲ್ಲಿ ಖಬೀಬ್ ಹಿಂದಿನಿಂದ ತೋಳು ಹಾಕಿ ದವಡೆ ಸಮೇತ ಕುತ್ತಿಗೆ ಹಿಂಡಿದ. ಮೆಕ್‌ಗ್ರೆಗರ್ ಕೈ ತಟ್ಟಿ ಸೋಲು ಒಪ್ಪಿದ. ನಮ್ಮ ಹುಡುಗರು ಸಿಳ್ಳೆ ಹಾಕಿ ಮುಗಿಸುವಷ್ಟರಲ್ಲಿ ಖಬೀಬ್ ಬೇಲಿ ಹತ್ತಿ ಹಾರಿ, ಮೆಕ್‌ಗ್ರೆಗರ್‌ನ ಜೊತೆಗಾರ ಡಿಲನ್ ಡ್ಯಾನಿಸ್ ಮೇಲೆ ಬಿದ್ದಿದ್ದ. ಇತ್ತ ಅವನ ಕಡೆಯವರು ಒಳಗೆ ನುಗ್ಗಿ ಮೆಕ್‌ಗ್ರೆಗರ್‌ಗೇ ಗುದ್ದಿದರು. ಜನ ಏನಾದರೂ ಎಸೆದಾರು ಎಂದು ಹೆದರಿ ಗೆದ್ದವನ ಸೊಂಟಕ್ಕೆ ಬೆಲ್ಟನ್ನೂ ಕಟ್ಟಲಿಲ್ಲ.

ಸಿಟ್ಟು ಅವತ್ತಿನದಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಖಬೀಬ್ ಕೂತಿದ್ದ ಬಸ್ಸಿಗೆ ಮೆಕ್‌ಗ್ರೆಗರ್ ಸಾಮಾನು ಸಾಗಿಸುವ ಕೈಗಾಡಿ ಎತ್ತಿ ಎಸೆದಿದ್ದ. ಗಾಜು ಒಡೆದು, ಸಂಬಂಧವೇ ಇಲ್ಲದ ಪಟುಗಳಿಗೆ ಗಾಯವಾಯಿತು. ಆಮೇಲೆ ಖಬೀಬ್‌ನ ಅಪ್ಪನ ಬಗ್ಗೆ, ಧರ್ಮದ ಬಗ್ಗೆ ಚುಚ್ಚು ಮಾತು. ಫೈಟ್ ಮಾಡಿಸುವವರು ಏನು ಮಾಡಿದರು ಗೊತ್ತಾ? ಆ ಬಸ್ಸಿನ ವಿಡಿಯೊವನ್ನೇ ಜಾಹೀರಾತಿಗೆ ಹಾಕಿಕೊಂಡರು. ದುಡ್ಡು ಕೊಟ್ಟು ಮನೆಯಲ್ಲೇ ಫೈಟ್ ನೋಡುವ ವ್ಯವಸ್ಥೆ ಇತ್ತು, ಅದು ಸುಮಾರು 24 ಲಕ್ಷ ಮಾರಾಟ ಆಯ್ತಂತೆ. ಆರು ತಿಂಗಳು ಒಲೆ ಊದಿದವರು ಹಾಲು ಉಕ್ಕಿದ ಮೇಲೆ ಹಾಲಿಗೆ ಬೈದರೆ ಹೇಗೆ?

ಹಾಗಂತ ಖಬೀಬ್ ಮಾಡಿದ್ದು ಸರಿ ಅನ್ನುತ್ತಿಲ್ಲ. 2019ರ ಜನವರಿಯಲ್ಲಿ ನೆವಾಡಾ ಕ್ರೀಡಾ ಆಯೋಗ ಅವನಿಗೆ 9 ತಿಂಗಳು ನಿಷೇಧ, 5 ಲಕ್ಷ ಡಾಲರ್ ದಂಡ ಹಾಕಿತು. ಮೆಕ್‌ಗ್ರೆಗರ್‌ಗೆ 6 ತಿಂಗಳು, 50 ಸಾವಿರ ಡಾಲರ್. ಆದರೆ ಅವತ್ತು ರಾತ್ರಿಯೇ ಖಬೀಬ್ ಕ್ಷಮೆ ಕೇಳುತ್ತಾ, ಮನೆಗೆ ಹೋದರೆ ಅಪ್ಪ ನನ್ನನ್ನು ಬಡಿಯುತ್ತಾನೆ ಎಂದಿದ್ದ. ಅಪ್ಪನೇ ಆಗ ಅವನ ವಸ್ತಾದ, ಅಂದರೆ ಪಟ್ಟು ಕಲಿಸಿದ ಗುರು. ಆಯೋಗಕ್ಕಿಂತ ಆ ಭಯ ದೊಡ್ಡದು, ನನಗೆ ಗೊತ್ತು.

ಯಾಕೆಂದರೆ ಆ ಏಟು ನಾನೂ ತಿಂದಿದ್ದೇನೆ. ಜಮಖಂಡಿ ಕಡೆ ಒಂದು ಜಾತ್ರೆ, ಸೋಲು-ಗೆಲುವು ತೀರ್ಮಾನ ಆಗುವವರೆಗೂ ಬಿಡದ ಜಂಗಿ ನಿಕಾಲಿ ಕುಸ್ತಿ. ನನಗೆ ಆಗ ಇಪ್ಪತ್ತೊಂದು. ಎದುರಿನವನ ಕಡೆಯವರು ಕಣದ ಅಂಚಿನಲ್ಲಿ ಕೂತು, ಕೂಲಿಗೆ ಹೋಗುವ ನನ್ನವ್ವನ ಹೆಸರೆತ್ತಿ ನಗುತ್ತಿದ್ದರು. ಹದಿನೈದು ನಿಮಿಷಕ್ಕೆ ಅವನ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದೆ. ಮಾಡಿ, ಅವನ ಎದೆಯ ಮೇಲೆ ಕಾಲಿಟ್ಟೆ. ಹಲಗಿ ಬಡಿತ ನಿಂತೇ ಹೋಯಿತು. ನಮ್ಮ ವಸ್ತಾದ ಧೋತರ ಎತ್ತಿ ಕಟ್ಟಿಕೊಂಡು ಕಣಕ್ಕೆ ಇಳಿದರು, ಎಲ್ಲರೆದುರು ಕಪಾಳಕ್ಕೆ ಬಿಟ್ಟರು. "ಮಣ್ಣಿನ ಮರ್ಯಾದಿ ಗೊತ್ತಿಲ್ಲದವಗ ಪಟಕಾ ಯಾಕಲೇ?" ಅಂದು, ಗೆದ್ದ ನನಗೆ ಕಟ್ಟಬೇಕಿದ್ದ ಪಟಕಾ, ಅಂದರೆ ರುಮಾಲು, ತೆಗೆದು ಸೋತವನ ತಲೆಗೆ ಕಟ್ಟಿದರು. ಅವನೂ ಗಾಬರಿಯಾಗಿ ನನ್ನ ಮುಖ ನೋಡಿದ. ಮೂರು ತಿಂಗಳು ನನಗೆ ಕುಸ್ತಿಗೆ ಜೋಡಿಯಿಲ್ಲ. ಕಣದ ಕೆಂಪು ಮಣ್ಣು ಜರಡಿ ಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆ ಕಲಸುವುದೇ ಕೆಲಸ.

ಅದಕ್ಕೇ, ನಿಮ್ಮ ಮಗ ಎಂಎಂಎ ಕಲಿಯಬಾರದು ಅಂತ ನಾನು ಹೇಳುವುದಿಲ್ಲ. ಕಲಿಸುವವರನ್ನು ನೋಡಿ ಬನ್ನಿ. ಒಂದು ಸಂಜೆ ಸುಮ್ನೆ ಮೂಲೆಯಲ್ಲಿ ಕೂತುಕೊಳ್ಳಿ. ಕೈ ತಟ್ಟಿದ ಕೂಡಲೇ ಹುಡುಗರು ಬಿಡುತ್ತಾರಾ? ಬಿಡದಿದ್ದರೆ ಮೇಷ್ಟ್ರು ಏನು ಮಾಡುತ್ತಾರೆ? ಇನ್ನೊಂದು, ತಲೆಗೆ ಗುದ್ದು. ಹದಿನೆಂಟಾಗುವವರೆಗೆ ತಲೆಗೆ ಹೊಡೆಸಿಕೊಳ್ಳುವ ಅಭ್ಯಾಸ ಬೇಡವೇ ಬೇಡ. ಅಲ್ಲಿವರೆಗೆ ಹಿಡಿತ, ಪಟ್ಟು ಕಲಿಯಲಿ. ಖಬೀಬ್ ಗೆದ್ದದ್ದೂ ಅದರಿಂದಲೇ ಅಲ್ವಾ?

ಪ್ರಶ್ನೆ: ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗೀತು. ಎಂಎಂಎಯಲ್ಲಿ ಯಾಕೆ ಮುಗಿಯುವುದಿಲ್ಲ?
– ಕಾಲೇಜು ವಿದ್ಯಾರ್ಥಿ, ಸಿಂದಗಿ

ಉತ್ತರ: ಅಲ್ಲಿ ಬೆನ್ನ ಮೇಲೆ ಮಲಗಿದವನೂ ಕೈ ಮುರಿಯಬಲ್ಲ, ಕಾಲಲ್ಲಿ ಕುತ್ತಿಗೆ ಹಿಂಡಬಲ್ಲ ತಮ್ಮಾ. ನಮ್ಮವರಿಗೆ ಇನ್ನೊಂದು ತೊಂದರೆ ಇದೆ. ಚಿತ್ ಆಗಬಾರದೆಂದು ನಾವು ಬೋರಲು ತಿರುಗುತ್ತೇವೆ, ಅದು ರಕ್ತದಲ್ಲೇ ಬಂದುಬಿಟ್ಟಿದೆ. ಅಲ್ಲಿ ಬೋರಲಾದರೆ ಎದುರಾಳಿಗೆ ಬೆನ್ನು ಕೊಟ್ಟಂತೆ, ಕುತ್ತಿಗೆ ಕೊಟ್ಟಂತೆ. ನಮ್ಮ ತಾಲೀಮಿನ ಒಬ್ಬ ಗಟ್ಟಿ ಹುಡುಗ ಬೆಳಗಾವಿಯ ಒಂದು ಜಿಮ್ಮಿಗೆ ಹೋಗಿ, ಮೊದಲ ದಿನವೇ ತನಗಿಂತ ಹತ್ತು ಕೆ.ಜಿ. ಕಡಿಮೆಯವನ ಕೈಲಿ ಎರಡು ಸಲ ಕುತ್ತಿಗೆ ಹಿಂಡಿಸಿಕೊಂಡು ಬಂದ. ಎರಡೂ ಸಲ ಬೋರಲಾಗಿದ್ದನಂತೆ. ಈಗಲೂ ಹೋಗುತ್ತಾನೆ, ವಾರಕ್ಕೆ ಎರಡು ಸಂಜೆ. ಬೆಳಗ್ಗೆ ಮಾತ್ರ ನಮ್ಮಲ್ಲೇ.